ಹಸಿ ಕೈ ಹಚ್ಚಬ್ಯಾಡ: ಹುಮನಾಬಾದಿನ ಭರಣಿ ಕಲಿಸುವ ಪಾಠ

ಏಪ್ರಿಲ್ ಮುಗಿಯುವ ಹೊತ್ತಿಗೆ ಹುಮನಾಬಾದಿನಲ್ಲಿ ಬೆಳಗಿನ ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತದೆ. ಅಷ್ಟರೊಳಗೆ ಸಂತೆಯ ಮಾವಿನಕಾಯಿ ರಾಶಿ ಅರ್ಧ ಕರಗಿರುತ್ತದೆ. ಕೊಳ್ಳಲು ಬಂದ ಹೆಂಗಸರು ಕಾಯಿಗೆ ಉಗುರು ಊರಿ ನೋಡುತ್ತಾರೆ. ಸೊನೆ ಚಿಮ್ಮಬೇಕು, ತಿರುಳು ಬೆಳ್ಳಗಿರಬೇಕು, ಹಳದಿಗೆ ತಿರುಗಿರಬಾರದು. ಆರಿಸಿದ ಕಾಯಿ ಅಲ್ಲೇ ಪಕ್ಕದಲ್ಲಿ ಮರದ ದಿಮ್ಮಿಗೆ ಕೂಡಿಸಿದ ಕತ್ತಿಯ ಮುಂದೆ ಕೂತವನ ಕೈಗೆ ಹೋಗುತ್ತದೆ. ಅವನು ಓಟೆ ಸಮೇತ ಕಟಕಟನೆ ಕತ್ತರಿಸಿ ಚೀಲಕ್ಕೆ ಸುರಿಯುತ್ತಾನೆ.

ಮನೆಯ ಅಂಗಳದಲ್ಲಿ ಹಳೆಯ ಧೋತರ ಹಾಸಿರುತ್ತದೆ. ಹೋಳುಗಳನ್ನು ಒಂದೊಂದಾಗಿ ಒರೆಸಿ, ಓಟೆಯೊಳಗಿನ ತೆಳ್ಳನೆ ಪೊರೆ ತೆಗೆದು, ಒಂದರ ಮೇಲೊಂದು ಬೀಳದಂತೆ ಹರವುತ್ತಾರೆ. ಆಗಷ್ಟೇ ನೀರು ಕುಡಿದು ಬಂದ ಮೊಮ್ಮಗಳು ಸಹಾಯಕ್ಕೆಂದು ಬಗ್ಗಿದಳೋ, ಕಟ್ಟೆಯ ಮೇಲಿಂದ ಆಯಿಯ ದನಿ ಏಳುತ್ತದೆ: “ಹಸಿ ಕೈ ಹಚ್ಚಬ್ಯಾಡ ಯವ್ವಾ, ಒರಸ್ಕೊಂಡು ಬಾ!”

ಇದು ಮಡಿಯ ಮಾತೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಇದು ಆಹಾರ ಕೆಡದಂತೆ ಕಾಯುವ ವಿದ್ಯೆಯ ಮೊದಲ ಸೂತ್ರ. ಉಪ್ಪಿನಕಾಯಿ ಹಾಕುವುದೆಂದರೆ ನೀರಿನ ಜೊತೆಗಿನ ವ್ಯವಹಾರ. ಕಾಯಿಯೊಳಗಿನ ನೀರನ್ನು ಹೊರಗೆಳೆಯಬೇಕು, ಹೊರಗಿನ ನೀರು ಒಳಗೆ ಬರದಂತೆ ನೋಡಿಕೊಳ್ಳಬೇಕು. ಉಪ್ಪು, ಬಿಸಿಲು, ಎಣ್ಣೆ, ಭರಣಿಯ ಬಾಯಿಗೆ ಬಿಗಿಯುವ ಬಟ್ಟೆ ಎಲ್ಲವೂ ಈ ಒಂದು ಕೆಲಸಕ್ಕೇ ಇರುವಂಥವು.

ರೊಟ್ಟಿಯ ಜೋಡಿ

ಮದುವೆ ಊಟದಲ್ಲಿ ಬಾಳೆಲೆಯ ತುದಿಗೆ ಬೀಳುವ ಉಪ್ಪಿನಕಾಯಿಗೂ ಬೀದರ್ ಜಿಲ್ಲೆಯ ಹಳ್ಳಿಮನೆಯ ಉಪ್ಪಿನಕಾಯಿಗೂ ಹೊಣೆ ಬೇರೆ ಬೇರೆ. ಇಲ್ಲಿ ಅದು ಬುತ್ತಿಯ ಸಾಮಾನು. ಹೊಲಕ್ಕೆ ಹೊರಟವರ ಗಂಟಿನಲ್ಲಿ ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ, ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ, ಜೊತೆಗೊಂದು ಹೋಳು ಮಾವಿನಕಾಯಿ ಇರುತ್ತದೆ. ಬೆಳಗ್ಗೆ ಮಾಡಿದ ಪಲ್ಯ ಮಧ್ಯಾಹ್ನದ ಬಿಸಿಲಿಗೆ ಹಳಸಬಹುದು. ಹಿಂಡಿ, ಉಪ್ಪಿನಕಾಯಿಗೆ ಆ ಭಯವಿಲ್ಲ.

ತೊಗರಿ, ಹೆಸರು, ಉದ್ದು ಬೆಳೆಯುವ ಸೀಮೆಯಿದು. ಬೇಳೆಗೆ ಕೊರತೆಯಿಲ್ಲ. ಬಾವಿ ಬತ್ತುವ ಬೇಸಿಗೆಯಲ್ಲಿ ಕೊರತೆಯಾಗುವುದು ಹಸಿ ಕಾಯಿಪಲ್ಲೆಗೆ. ಆ ತಿಂಗಳುಗಳನ್ನು ದಾಟಿಸುವುದು ಭರಣಿ. ಒಣ ರೊಟ್ಟಿಗೆ ಬೇಕಾದ ಹುಳಿ, ಖಾರ, ಎಣ್ಣೆಯ ಜಿಡ್ಡು ಮೂರನ್ನೂ ಒಂದೇ ಹೋಳು ಒದಗಿಸುತ್ತದೆ. ಹಾಗಾಗಿ ಇಲ್ಲಿನ ಉಪ್ಪಿನಕಾಯಿ ಸಾಮಾನ್ಯವಾಗಿ ದಪ್ಪ ಹೋಳಿನದು, ಮಸಾಲೆ ತುಂಬಿದ್ದು, ರೊಟ್ಟಿಯ ತುಣುಕಿನಲ್ಲಿ ಬಳಿದು ತಿನ್ನುವಂಥದು.

ಮಲೆನಾಡಿನ ಮನೆಗಳಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಎಳೆಯ ಅಪ್ಪೆಮಿಡಿಯನ್ನು ಇಡಿಯಾಗಿಯೇ ಉಪ್ಪಿನಲ್ಲಿ ಹಾಕಿ, ಅದು ಸುಕ್ಕುಗಟ್ಟಿ ತನ್ನ ನೀರು ಬಿಟ್ಟ ಮೇಲೆ ಆ ಉಪ್ಪುನೀರಿನಲ್ಲೇ ಖಾರ ಕಲಸುತ್ತಾರೆ. ಬಯಲುಸೀಮೆಯಲ್ಲಿ ಬಲಿತ ಕಾಯಿ, ಓಟೆಸಹಿತ ಹೋಳು, ಬಿಸಿಲು ಮತ್ತು ಎಣ್ಣೆ. ಗಾಳಿಯಲ್ಲಿ ತೇವವಿಲ್ಲದ, ಪಾದರಸ 40 ಡಿಗ್ರಿ ದಾಟುವ ಬೇಸಿಗೆ ಇಲ್ಲಿನವರಿಗೆ ಪುಕ್ಕಟೆ ಸಿಕ್ಕ ಒಣಗಿಸುವ ಯಂತ್ರ.

ಮೂರು ಸೀಮೆ ಕೂಡುವ ಊರು

ಹುಮನಾಬಾದ್ ದಾರಿಗಳ ಊರು. ಪುಣೆ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಬೀದರ್‌ನಿಂದ ಕಲಬುರಗಿಗೆ ಇಳಿಯುವ ಹೆದ್ದಾರಿ 50 ಎರಡೂ ಇಲ್ಲಿ ಸಂಧಿಸುತ್ತವೆ. ಪಶ್ಚಿಮಕ್ಕೆ ಬಸವಕಲ್ಯಾಣ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ತೆಲಂಗಾಣದ ಜಹೀರಾಬಾದ್.

1948ರವರೆಗೆ ಇದೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಹುಮನಾಬಾದ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ ಮರಾಠಿ ಸೀಮೆಗೆ, ಜಹೀರಾಬಾದ್ ಕಡೆಯ ಭಾಗ ಆಂಧ್ರಕ್ಕೆ ಹೋದವು. ಆದರೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಸೊಸೆಯರ ಜೊತೆ ತವರಿನ ಕೈರುಚಿಯೂ ಗಡಿ ದಾಟುತ್ತ ಬಂತು.

ಹಾಗಾಗಿ ಇಲ್ಲಿ ಒಂದೇ ಓಣಿಯಲ್ಲಿ ಮೂರು ಬಗೆಯ ಮಾವಿನಕಾಯಿ ಸಿಗುವುದು ಸಹಜ. ಮರಾಠಿ ಲೋಣಚೆಯ ರೂಢಿಯವರು ಸಿಪ್ಪೆ ತೆಗೆದು ಒಡೆದ ಸಾಸಿವೆಬೇಳೆ, ಇಂಗು ಹಾಕುತ್ತಾರೆ; ಕೆಲವರು ಚೂರು ಬೆಲ್ಲವನ್ನೂ ಸೇರಿಸುತ್ತಾರೆ. ತೆಲುಗು ಆವಕಾಯಿಯ ಕೈಯವರಿಗೆ ಸಾಸಿವೆ ಪುಡಿಯೇ ಮುಂದು, ಖಾರವೂ ಧಾರಾಳ, ಎಣ್ಣೆಯೂ ಧಾರಾಳ. ಹೈದರಾಬಾದಿ ಅಚಾರಿನ ರುಚಿ ಕಂಡವರು ಬಳ್ಳೊಳ್ಳಿ, ಹಸಿಶುಂಠಿ ಬಿಡುವುದಿಲ್ಲ. ಕನ್ನಡ ಮನೆ ಈ ಮೂರರಿಂದಲೂ ಬೇಕಾದ್ದನ್ನು ಎತ್ತಿಕೊಂಡು ಮೆಂತ್ಯೆಯ ಕಹಿಯನ್ನು ತುಸು ಮೇಲಕ್ಕಿಡುತ್ತದೆ. ಎಣ್ಣೆ ಮಾತ್ರ ನೆಲದ್ದೇ: ಶೇಂಗಾ ಎಣ್ಣೆ, ಕುಸುಬೆ ಎಣ್ಣೆ.

ಮೆಣಸಿನಕಾಯಿ ಬರುವ ಮೊದಲು

ಕೆಂಪಗಿಲ್ಲದ ಉಪ್ಪಿನಕಾಯಿಯನ್ನು ಇಂದು ನೆನೆಸಿಕೊಳ್ಳುವುದೂ ಕಷ್ಟ. ಆದರೆ ಬಸವಕಲ್ಯಾಣದಿಂದ ಚಾಲುಕ್ಯರು ಆಳುತ್ತಿದ್ದಾಗ ಈ ನೆಲದಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು 16ನೆಯ ಶತಮಾನದಲ್ಲಿ.

ಅದಕ್ಕೂ ಮುಂಚೆ ಅಡುಗೆಯ ಬಗ್ಗೆ ಬರೆದವರು ಇದೇ ರಾಜ್ಯದವರು. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೇ ಒಂದು ಅಧ್ಯಾಯವಿದೆ. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಊಟದ ವಿವರವೇ ಒಂದು ಭಾಗ. 16ನೆಯ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡ ಪದ್ಯದಲ್ಲೇ ಬರೆದ. ಈ ಅಡುಗೆಮನೆಗಳ ಖಾರವೆಲ್ಲ ಕಾಳುಮೆಣಸು, ಶುಂಠಿ, ಸಾಸಿವೆಗಳದು.

ಗುರುಲಿಂಗದೇಶಿಕನ 1594ರ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವರ್ಣನೆಯಿದೆ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ದಾಖಲಿಸಿದ್ದಾರೆ. ಮೆಣಸಿನಕಾಯಿ ಮನೆಮನೆಗೆ ಹಬ್ಬುವ ಮುನ್ನವೇ ಕನ್ನಡಿಗರಿಗೆ ಇಷ್ಟೊಂದು ಉಪ್ಪಿನಕಾಯಿ ಗೊತ್ತಿತ್ತು ಎಂದಾದರೆ ಉಪ್ಪಿನಕಾಯಿಯ ಜೀವ ಖಾರದಲ್ಲಿಲ್ಲ. ಕಾಯುವ ಕೆಲಸ ಉಪ್ಪು ಮತ್ತು ಹುಳಿಯದು. ಖಾರ ಆಮೇಲೆ ಬಂದು ರುಚಿಯನ್ನೂ ಬಣ್ಣವನ್ನೂ ವಹಿಸಿಕೊಂಡಿತು.

ತಿಂಗಳಿಗೊಂದು ಭರಣಿ

ಉಪ್ಪಿನಕಾಯಿ ಎಂದರೆ ಮಾವಿನಕಾಯಿ ಎಂಬುದು ಪೇಟೆಯ ಕಲ್ಪನೆ. ಹಳ್ಳಿಯಲ್ಲಿ ವರ್ಷದುದ್ದಕ್ಕೂ ಒಂದಲ್ಲ ಒಂದು ಭರಣಿ ತುಂಬುತ್ತಿರುತ್ತದೆ.

ಎಳ್ಳ ಅಮಾವಾಸ್ಯೆ ಹೊತ್ತಿಗೆ ಇಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಜೊತೆ ಹೊಸ ಹುಣಸೆಕಾಯಿಯ ತೊಕ್ಕು ಹಾಜರು. ಬೀಜ ಬಲಿಯದ ಹುಣಸೆಕಾಯಿಯನ್ನು ಉಪ್ಪು, ಹಸಿ ಮೆಣಸಿನಕಾಯಿ, ಮೆಂತ್ಯೆ, ಅರಿಶಿನ ಹಾಕಿ ಒರಳಿನಲ್ಲಿ ಜಜ್ಜಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಒಂದು ಉಂಡೆ ತೆಗೆದು ಒಗ್ಗರಣೆ ಕೊಟ್ಟರಾಯಿತು.

ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿ ಸಂತೆಗೆ ಬಂದಾಗ ರಂಜಕದ ಸರದಿ. ತೊಟ್ಟು ತೆಗೆಯುವ ಮೊದಲೇ ತೊಳೆದು, ಪೂರ್ತಿ ಆರಿಸಿ, ಉಪ್ಪು, ಬಳ್ಳೊಳ್ಳಿ, ನಿಂಬೆರಸ ಹಾಕಿ ರುಬ್ಬುತ್ತಾರೆ. ತೊಟ್ಟು ತೆಗೆದ ಮೇಲೆ ತೊಳೆದರೆ ಒಳಗೆ ನೀರು ಸೇರಿ ರಂಜಕ ಕೆಡುತ್ತದೆ. ನಿಂಬೆಕಾಯಿ, ನೆಲ್ಲಿಕಾಯಿ ಕೂಡ ಚಳಿಗಾಲದವು. ನಿಂಬೆಗೆ ದೂರ ಹೋಗಬೇಕಿಲ್ಲ, ಇಂಡಿಯ ನಿಂಬೆತೋಟಗಳು ವಿಜಯಪುರ ಜಿಲ್ಲೆಯಲ್ಲೇ ಇವೆ.

ಬೇಸಿಗೆ ಮಾವಿನದು. ಉಪ್ಪಿನಕಾಯಿಯ ಜೊತೆಗೆ ಮಾವಿನ ತುರಿಯನ್ನು ಬೆಲ್ಲದಲ್ಲಿ ಕುದಿಸಿದ ಗುಳಂಬ ಮಕ್ಕಳಿಗೆ. ಅದೇ ಬಿಸಿಲಿನಲ್ಲಿ ಮಜ್ಜಿಗೆಯಲ್ಲಿ ನೆನೆದ ಬಾಳಕ ಮೆಣಸಿನಕಾಯಿ ಮಾಳಿಗೆಯ ಮೇಲೆ ಒಣಗುತ್ತದೆ. ಮೇ ಕೊನೆಗೆ ಕವಳಿಕಾಯಿ. ಜೂನ್ ಮೊದಲ ವಾರ ದಾಟಿ ಮೃಗಶಿರಾ ಮಳೆ ಹಿಡಿಯಿತೆಂದರೆ ಅಂಗಳದ ಕೆಲಸ ಮುಗಿದಂತೆ. ಭರಣಿಗಳು ಒಳಕೋಣೆ ಸೇರಬೇಕು.

ಉಪ್ಪು ಮಾಡುವ ಕೆಲಸ

ಆಹಾರ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬದುಕಲು ನೀರು ಬೇಕು. ಹೋಳಿನ ಮೇಲೆ ಉಪ್ಪು ಸುರಿದಾಗ ಕಾಯಿಯ ಜೀವಕೋಶಗಳೊಳಗಿನ ನೀರು ಹೊರಗೆ ಬಸಿಯುತ್ತದೆ. ಮರುದಿನ ಪಾತ್ರೆಯಲ್ಲಿ ಕಾಣುವ ರಸ ಅದೇ. ಆ ರಸದಲ್ಲೂ ಉಪ್ಪು ಎಷ್ಟಿರುತ್ತದೆಂದರೆ ಜೀವಿಗಳಿಗೆ ಬೇಕಾದ ನೀರು ಅವುಗಳ ಕೈಗೆ ಸಿಗದು. ಉಪ್ಪುನೀರಿನಲ್ಲಿ ಇಟ್ಟು ಮಾರುವ ಉಪ್ಪಿನಕಾಯಿಯಲ್ಲಿ ಉಪ್ಪು ನೂರಕ್ಕೆ 12ಕ್ಕಿಂತ ಕಡಿಮೆ ಇರಬಾರದು ಎಂದು ದೇಶದ ಆಹಾರ ಸುರಕ್ಷತಾ ನಿಯಮ ಹೇಳುವುದು ಇದೇ ಕಾರಣಕ್ಕೆ.

ಎರಡನೆಯ ಕಾವಲು ಹುಳಿ. ಮಾವು, ನಿಂಬೆ, ಹುಣಸೆಗೆ ಅದು ಹುಟ್ಟಿನಿಂದಲೇ ಇದೆ. ಗಜ್ಜರಿ, ಹೂಕೋಸು, ಹಸಿ ಮೆಣಸಿನಕಾಯಿಗೆ ಇಲ್ಲ. ಆದ್ದರಿಂದ ತರಕಾರಿ ಉಪ್ಪಿನಕಾಯಿಗೆ ಧಾರಾಳವಾಗಿ ನಿಂಬೆರಸವನ್ನೋ ವಿನೆಗರನ್ನೋ ಹಾಕಲೇಬೇಕು. ತರಕಾರಿಯನ್ನು ಮೊದಲು ಒಂದು ನಿಮಿಷ ಕುದಿವ ನೀರಿಗೆ ಹಾಕಿ ತೆಗೆದು, ಬಟ್ಟೆಯ ಮೇಲೆ ಹರವಿ ಚೆನ್ನಾಗಿ ಆರಿಸಿದರೆ ಬಣ್ಣವೂ ಉಳಿಯುತ್ತದೆ.

ಹುಳಿ ಇಲ್ಲದ ತರಕಾರಿಯೂ ತಾನೇ ಹುಳಿಯಾಗಬಲ್ಲದು. ಹದವಾದ ಉಪ್ಪಿನಲ್ಲಿ ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದವು ಬೆಳೆದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಜರ್ಮನರ ಹುಳಿ ಎಲೆಕೋಸು, ಕೊರಿಯನ್ನರ ಕಿಮ್ಚಿ ಆಗುವುದು ಹೀಗೆ. ಚಳಿಗಾಲಕ್ಕೆ ಮುನ್ನ ಬಂಧುಬಳಗ ಕೂಡಿ ಕಿಮ್ಚಿ ಹಾಕುವ ಕೊರಿಯಾದ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಎಲೆಕೋಸಿನ ತೂಕದ ನೂರಕ್ಕೆ ಎರಡು, ಎರಡೂವರೆ ಪಾಲು ಉಪ್ಪು ಸಾಕೆನ್ನುವ ಆ ವಿಧಾನ ತಂಪು ಹವೆಯದು. ಹುಮನಾಬಾದಿನ ಮೇ ತಿಂಗಳಲ್ಲಿ ಅಷ್ಟೇ ಉಪ್ಪು ಹಾಕಿ ಹೊರಗಿಟ್ಟರೆ ಎಲೆಕೋಸು ಕೊಳೆತು ಮುದ್ದೆಯಾಗುತ್ತದೆ. ನಮ್ಮ ಹಿರಿಯರ ಕೈ ಉಪ್ಪಿಗೆ ಜೋರಾದದ್ದು ನಮ್ಮ ಹವೆಯಿಂದ.

ಮೂರನೆಯ ಕಾವಲು ಎಣ್ಣೆ. ಬೂಷ್ಟಿಗೆ ಗಾಳಿ ಬೇಕು, ಹೋಳಿನ ಮೇಲೆ ನಿಂತ ಎಣ್ಣೆ ಆ ಗಾಳಿಯನ್ನು ತಡೆಯುತ್ತದೆ. ಸಾಸಿವೆಯೂ ಕೈಜೋಡಿಸುತ್ತದೆ. ಒಡೆದ ಸಾಸಿವೆಗೆ ತೇವ ತಾಗಿದಾಗ ಏಳುವ, ಮೂಗಿಗೆ ಹತ್ತುವ ಘಾಟೇ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣದ್ದು. ಸಾಸಿವೆಯನ್ನು ಕಪ್ಪಗೆ ಹುರಿದರೆ ಆ ಘಾಟು ಹುಟ್ಟುವುದೇ ಇಲ್ಲ. ಅದನ್ನು ಬಿಸಿಲಲ್ಲಿ ಕಾಯಿಸಿ ಪುಡಿ ಮಾಡುವ ರೂಢಿಯ ಹಿಂದಿನ ಗುಟ್ಟು ಇದು.

ಒಂದು ಕಿಲೊ ಹೋಳಿಗೆ

ಮನೆಯಲ್ಲಿ ಮೊದಲ ಬಾರಿಗೆ ಹಾಕುವವರಿಗೆ ಒಂದು ಕಿಲೊ ಹೋಳಿನ ಅಳತೆ ಸಾಕು. ಅದಕ್ಕೆ ಹರಳುಪ್ಪು 200 ಗ್ರಾಂ, ಖಾರದ ಪುಡಿ 100 ಗ್ರಾಂ, ಸಾಸಿವೆ ಪುಡಿ 50 ಗ್ರಾಂ, ಮೆಂತ್ಯೆ 25 ಗ್ರಾಂ, ಅರಿಶಿನ 15 ಗ್ರಾಂ, ಸ್ವಲ್ಪ ಇಂಗು, ಎಣ್ಣೆ ಸುಮಾರು 300 ಮಿಲಿಲೀಟರ್. ಖಾರದ ಪುಡಿಯಲ್ಲಿ ಅರ್ಧ ಬ್ಯಾಡಗಿ, ಅರ್ಧ ಗುಂಟೂರು ಇದ್ದರೆ ಬಣ್ಣವೂ ಬರುತ್ತದೆ, ಖಾರವೂ ಇರುತ್ತದೆ.

ಕಾಯಿಯನ್ನು ಕತ್ತರಿಸುವ ಮೊದಲೇ ತೊಳೆದು ಒರೆಸಬೇಕು. ಕತ್ತರಿಸಿದ ಮೇಲೆ ನೀರು ತಾಗಿಸಬಾರದು. ಹೋಳಿಗೆ ಉಪ್ಪು, ಅರಿಶಿನ ಸವರಿ ಎರಡು ಮೂರು ದಿನ ಮುಚ್ಚಿಟ್ಟು ದಿನಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಬೇಕು. ಆಮೇಲೆ ಹೋಳನ್ನು ರಸದಿಂದ ತೆಗೆದು ಒಂದು ದಿನ ಬಿಸಿಲಿಗೆ ಹರವಬೇಕು. ರಸವನ್ನು ಚೆಲ್ಲಬಾರದು, ಅಗಲ ಪಾತ್ರೆಯಲ್ಲಿ ಅದನ್ನೂ ಬಿಸಿಲಿಗಿಡಬೇಕು. ಸಂಜೆಗೆ ಹೋಳು ಬೆರಳಿಗೆ ಜಾರದೆ ತುಸು ತೊಗಲಿನಂತಾದರೆ ಹದ ಬಂತು ಎಂದರ್ಥ.

ಮೆಂತ್ಯೆಯನ್ನು ಹೊಂಬಣ್ಣಕ್ಕೆ ಹುರಿದು ಪುಡಿ ಮಾಡಬೇಕು. ಹೆಚ್ಚು ಹುರಿದರೆ ಭರಣಿ ಪೂರ್ತಿ ಕಹಿ. ಎಣ್ಣೆಯನ್ನು ಹೊಗೆಯಾಡುವಷ್ಟು ಕಾಯಿಸಿ, ಇಂಗು ಹಾಕಿ, ಪೂರ್ತಿ ಆರಿಸಬೇಕು. ಬಿಸಿ ಎಣ್ಣೆಗೆ ಖಾರದ ಪುಡಿ ಬಿದ್ದರೆ ಕರಿಕಾಗುತ್ತದೆ, ಸಾಸಿವೆಯ ಘಾಟು ಸಾಯುತ್ತದೆ. ಹೋಳು, ರಸ, ಪುಡಿಗಳನ್ನು ಕಲಸಿ ಭರಣಿಗೆ ಒತ್ತಿ ತುಂಬಿ ಮೇಲೆ ಎಣ್ಣೆ ಸುರಿಯುತ್ತಾರೆ. ಎರಡು ದಿನದಲ್ಲಿ ಹೋಳು ಎಣ್ಣೆ ಕುಡಿದು ಮೇಲೆ ತಲೆ ಹಾಕಿದರೆ ಮತ್ತಷ್ಟು ಕಾಯಿಸಿ ಆರಿಸಿದ ಎಣ್ಣೆ ಬೇಕು. ಎಣ್ಣೆ ಹೋಳಿಗಿಂತ ಅರ್ಧ ಬೆರಳು ಮೇಲೆ ನಿಂತಿರಲೇಬೇಕು. ಇಪ್ಪತ್ತು ದಿನ ಬಿಟ್ಟರೆ ಓಟೆಗೂ ಉಪ್ಪು ಹಿಡಿಯುತ್ತದೆ.

ಭರಣಿ ಚೀನಿ ಮಣ್ಣಿನದೋ ಗಾಜಿನದೋ ಆಗಬೇಕು. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆಗಳನ್ನು ಉಪ್ಪು, ಹುಳಿ ಕೂಡಿ ತಿನ್ನುತ್ತವೆ. ಆ ಲೋಹ ನಮ್ಮ ಹೊಟ್ಟೆ ಸೇರುತ್ತದೆ.

ಕೆಡುವುದು ಎಲ್ಲಿ?

ಬಹುತೇಕ ಭರಣಿಗಳು ಕೆಡುವುದು ಹಾಕಿದ ದಿನವಲ್ಲ, ಬಡಿಸುವ ದಿನ. ಮಳೆಗಾಲದಲ್ಲಿ ತೊಳೆದ ಚಮಚ ಹಾಗೆಯೇ ಒಳಗೆ ಹೋಗುತ್ತದೆ, ಅನ್ನ ತಾಗಿದ ಸೌಟು ಇಳಿಯುತ್ತದೆ. ನೀರು ಬಿದ್ದ ಕಡೆ ಉಪ್ಪು ತೆಳುವಾಗಿ ಅಲ್ಲೇ ಬೂಷ್ಟು ಕಟ್ಟುತ್ತದೆ. ದೊಡ್ಡ ಭರಣಿಯಿಂದ ವಾರಕ್ಕಾಗುವಷ್ಟನ್ನು ಸಣ್ಣ ಬಾಟಲಿಗೆ ತೆಗೆದುಕೊಳ್ಳುವ ಹಳೆಯ ರೂಢಿ ಈ ಅಪಾಯಕ್ಕೆ ಸರಿಯಾದ ಮದ್ದು.

ಹಸಿರು, ಕಪ್ಪು ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನುವುದು ಬೇಡ. ಕಣ್ಣಿಗೆ ಕಾಣದ ಅದರ ಬೇರು, ಬಿಡುಗಡೆಯಾದ ವಿಷ ಒಳಗೂ ಇಳಿದಿರಬಹುದು. ಇಡೀ ಭರಣಿ ಚೆಲ್ಲುವುದೇ ಸರಿ.

ಬಳ್ಳೊಳ್ಳಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಬಳ್ಳೊಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲದ ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದು ಬಿಡುವ ವಿಷ ನರಗಳನ್ನು ಕಟ್ಟಿಹಾಕಿ ಪ್ರಾಣಕ್ಕೇ ಕುತ್ತು ತರುತ್ತದೆ. ವಾಸನೆ, ರುಚಿಯಿಂದ ಅದರ ಸುಳಿವು ಸಿಗದೆಯೂ ಇರಬಹುದು. ಆಮ್ಲದ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಬಳ್ಳೊಳ್ಳಿ ಉಪ್ಪಿನಕಾಯಿಗೆ ನಿಂಬೆರಸ ಹಿಂಡುವ ರೂಢಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಭರಣಿಯಿಂದ ಅಂಗಡಿಗೆ

ಮನೆಗೆಂದು ಹಾಕುತ್ತಿದ್ದ ಉಪ್ಪಿನಕಾಯಿಯನ್ನು ಈಗ ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ಮಹಿಳೆಯರು ಮಾರಾಟಕ್ಕೂ ಮಾಡುತ್ತಿದ್ದಾರೆ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಬೀದರ್ ಜಿಲ್ಲೆಗೆ ಗುರುತಿಸಿದ ಬೆಳೆ ಶುಂಠಿ. ಸಾಲದ ಜೊತೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಅದರಲ್ಲಿದೆ. ಸ್ವಸಹಾಯ ಸಂಘದ ಸದಸ್ಯೆಗೆ 40 ಸಾವಿರ ರೂಪಾಯಿವರೆಗೆ ಬೀಜಧನವೂ ಉಂಟು. ದರ ಕುಸಿದಾಗ ಹಸಿಶುಂಠಿಯನ್ನು ಸಿಕ್ಕ ಬೆಲೆಗೆ ಕೊಡುವ ಬದಲು ಉಪ್ಪಿನಕಾಯಿ, ತೊಕ್ಕು ಮಾಡಿ ಮಾರಲು ಇದೊಂದು ದಾರಿ.

ಮಾರುವವರಿಗೆ ಕಣ್ಣಂದಾಜು ಸಾಲದು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಎಣ್ಣೆಯ ಉಪ್ಪಿನಕಾಯಿಯಲ್ಲಿ ಹೋಳು ನೂರಕ್ಕೆ 60 ಇರಲೇಬೇಕು. ವಿನೆಗರ್‌ನದಾದರೆ ಆಮ್ಲ ನೂರಕ್ಕೆ 2. ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐ ಇಂಥ ವಿಷಯಗಳಲ್ಲಿ ತರಬೇತಿ ಕೊಡುತ್ತದೆ. ಬೀದರ್‌ನ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಬಹುದು.

ತಟ್ಟೆಗೆ ಎಷ್ಟು?

ಮೇಲೆ ಕೊಟ್ಟ ಅಳತೆಯಲ್ಲಿ ಎಲ್ಲ ಸೇರಿ ತೂಗಿದರೆ ಉಪ್ಪು ನೂರಕ್ಕೆ ಸುಮಾರು 12 ಪಾಲು ಬರುತ್ತದೆ. ಅಂದರೆ ಹತ್ತು ಗ್ರಾಂನ ಒಂದು ಸಣ್ಣ ಹೋಳಿನಲ್ಲಿ ಒಂದು ಗ್ರಾಂಗಿಂತ ಹೆಚ್ಚು ಉಪ್ಪು. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾದರೆ ಎರಡು ಹೊತ್ತು ಎರಡು ಹೋಳು ತಿಂದರೆ ದಿನದ ಲೆಕ್ಕದ ಅರ್ಧದಷ್ಟು ಅಲ್ಲೇ ಮುಗಿಯಿತು. ದಿನವಿಡೀ ಹೊಲದಲ್ಲಿ ಬೆವರು ಹರಿಸುವವರ ಊಟವನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಹಾಗೆಯೇ ಅನುಸರಿಸಲಾಗದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಆರೋಗ್ಯದ ಹೆಸರಿನಲ್ಲಿ ಅಳತೆಯ ಉಪ್ಪನ್ನೇ ಅರ್ಧ ಮಾಡಿ, ವರ್ಷವಿಡೀ ಹೊರಗಿಡುವ ಭರಣಿ ತುಂಬುವವರೂ ಇದ್ದಾರೆ. ಅದು ಇನ್ನೊಂದು ಅಪಾಯ. ಉಪ್ಪು ಕಡಿಮೆ ಬೇಕೆಂದರೆ ಕಾಲು ಕಿಲೊ ಹೋಳಿನದನ್ನಷ್ಟೇ ಹಾಕಿ, ನಿಂಬೆರಸ ಹಿಂಡಿ, ಫ್ರಿಜ್‌ನಲ್ಲಿಟ್ಟು ವಾರ ಎರಡು ವಾರದಲ್ಲಿ ಮುಗಿಸಿ. ವರ್ಷದ ಭರಣಿಗೆ ಮಾತ್ರ ಹಿರಿಯರ ಅಳತೆಯನ್ನು ಮುರಿಯಬೇಡಿ. ಉಪ್ಪನ್ನು ಭರಣಿಯಲ್ಲಿ ಪೂರ್ತಿ ಹಾಕಿ, ತಟ್ಟೆಯಲ್ಲಿ ಕಡಿಮೆ ಬಡಿಸಿಕೊಳ್ಳಿ.